ಸಮುದ್ರದೂರಿನಿಂದ ಬಂದ ದೊಡ್ಡವ್ವ

ಹಂಪಕ್ಕನ ಊರು ಸಂಡೂರು ಸಂಸ್ಥಾನದ ರಾಮನದುರ್ಗ ಬೆಟ್ಟದ ಬುಡದಲ್ಲಿತ್ತು. ಬೇಸಿಗೆ ಬಂತೆಂದರೆ ಬಳ್ಳಾರಿಯ ಬಿಸಿಲು ತಾಳಲಾರದ ಇಂಗ್ಲೀಷ್ ದೊರೆಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆ ಬೆಟ್ಟದ ಮೇಲಿನ ಬಂಗಲೆಗಳಿಗೆ ಬರುತ್ತಿದ್ದರು. ಅವರನ್ನು ಡೋಲಿಯಲ್ಲಿ ಹೊತ್ತು ಮೇಲೇರಿಸುವವರಲ್ಲಿ ಅವಳ ಗಂಡ ಮೂಕಣ್ಣನೂ ಒಬ್ಬ. ಒಂದು ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ದಿನ ಇಳಿಜಾರಿನಲ್ಲಿ ಅವನ ಕಾಲು ಜಾರಿತು. ಡೋಲಿ ನೆಲಕ್ಕೆ ಬಡಿಯಬಾರದೆಂದು ಅವನು ತನ್ನ ಎದೆಯನ್ನೇ ಅಡ್ಡ ಕೊಟ್ಟ. ಒಳಗಿದ್ದ ದೊರೆಸಾನಿಗೆ ತರಚಿದ ಗಾಯವೂ ಆಗಲಿಲ್ಲ. ಮೂಕಣ್ಣ ಮೂರನೆಯ ದಿನ ಸತ್ತ. ಅವರ ಮಗಳು ಜಂಬಕ್ಕ ಆಗ ಇನ್ನೂ ಅಂಬೆಗಾಲಿಡುತ್ತಿದ್ದಳು.

ಆ ದೊರೆಸಾನಿ ಒಳ್ಳೆಯ ಹೆಂಗಸು. ತನ್ನಿಂದ ಒಬ್ಬಳು ವಿಧವೆಯಾದಳೆಂಬ ಕೊರಗು ಅವಳನ್ನು ಬಿಡಲಿಲ್ಲ. ಹಂಪಕ್ಕನನ್ನು ಕರೆಸಿ ತನ್ನ ಮಗು ಈಡಿತ್‌ಳನ್ನು ನೋಡಿಕೊಳ್ಳುವ ಆಯಾ ಮಾಡಿಕೊಂಡಳು. ಈಡಿತ್‌ಳೂ ಜಂಬಕ್ಕನೂ ಒಂದೇ ವಾರಿಗೆಯವರು. ಎರಡು ವರ್ಷ ಇಬ್ಬರೂ ಒಂದೇ ಚಾಪೆಯ ಮೇಲೆ ಆಡಿದರು, ಒಂದೇ ಬಟ್ಟಲಿನ ಅನ್ನ ತಿಂದರು. ಈಡಿತ್ ಕನ್ನಡವನ್ನೇ ಮೊದಲು ಕಲಿತಳು. "ಹಂಪಕ್ಕಾ, ಇಲ್ಲಿ ಬಾ" ಎಂದು ಅವಳು ಕೂಗಿದರೆ ಅಡುಗೆಯವರು ಬಾಗಿಲಿಗೆ ಬಂದು ನಿಂತು ನಗುತ್ತಿದ್ದರು.

ಸಾವಿರದ ಒಂಬೈನೂರ ಹನ್ನೆರಡನೆಯ ಇಸವಿಯಲ್ಲಿ ದೊರೆಸಾನಿ ಕೆಮ್ಮಿದಾಗ ರಕ್ತ ಬಂತು. ಪುಪ್ಪುಸದ ಬೇನೆ, ಕ್ಷಯ ಎಂದರು. ಇಂಗ್ಲೆಂಡಿನ ಚಳಿಗೆ ಹೋದರೆ ಸಾಯುತ್ತಾಳೆ, ಬಳ್ಳಾರಿಯ ಧೂಳಿನಲ್ಲಿ ಇದ್ದರೂ ಸಾಯುತ್ತಾಳೆ. ಫ್ರೆಂಚರ ದೇಶದ ದಕ್ಷಿಣದ ತುದಿಗೆ, ಇಟಲಿಯ ಗಡಿಗೆ ತಾಗಿಕೊಂಡು, ಸಮುದ್ರದ ದಂಡೆಯಲ್ಲಿ ಮೆಂತೋನ್ ಎಂಬ ಸಣ್ಣ ಊರಿದೆ. ಅಲ್ಲಿ ಚಳಿಗಾಲದಲ್ಲೂ ಬಿಸಿಲು. ಒಂದು ಚಳಿಗಾಲ ಅಲ್ಲಿದ್ದರೆ ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ. ದೊರೆ ಕೆಲಸ ಬಿಟ್ಟು ಬರುವಂತಿರಲಿಲ್ಲ. ಈಡಿತ್ ಬೇರೆಯವರ ಕೈಯಿಂದ ಒಂದು ತುತ್ತೂ ತಿನ್ನುತ್ತಿರಲಿಲ್ಲ.

ದೊರೆಸಾನಿ ಹಂಪಕ್ಕನ ಕೈ ಹಿಡಿದು ತನ್ನ ಹರಕು ಕನ್ನಡದಲ್ಲಿ ಬೇಡಿಕೊಂಡಳು. "ಒಂದೇ ಚಳಿಗಾಲ, ಹಂಪಕ್ಕ. ಯುಗಾದಿಗೆ ನೀನು ನಿನ್ನ ಮಗಳ ಹತ್ತಿರ."

ಹಂಪಕ್ಕನ ತಂಗಿ ತಾಯಕ್ಕ ಅದೇ ಊರಿನಲ್ಲಿದ್ದಳು. ಅವಳ ಗಂಡ ಪಾಲಪ್ಪ ಮಾತು ಕಡಿಮೆಯ, ಮೈಮುರಿದು ದುಡಿಯುವ ಮನುಷ್ಯ. ತಾಯಕ್ಕನಿಗೆ ಆಗಲೇ ಒಬ್ಬ ಮಗ, ಇನ್ನೊಂದು ಹೊಟ್ಟೆಯಲ್ಲಿತ್ತು. ಜಂಬಕ್ಕನನ್ನು ಅವಳ ಮಡಿಲಿಗೆ ಹಾಕಿ ಹಂಪಕ್ಕ ಬೆಳಗಿನ ಜಾವವೇ ಹೊರಟಳು. ಮಗು ಎದ್ದು ಅತ್ತರೆ ತನ್ನ ಕಾಲು ಮುಂದೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹಡಗಿನಲ್ಲಿ ಹದಿನೆಂಟು ದಿನ ಅವಳು ವಾಂತಿ ಮಾಡಿಕೊಂಡಳು. ಕೊನೆಗೆ ರೈಲು ಅವರನ್ನು ಮೆಂತೋನಿಗೆ ತಂದು ಇಳಿಸಿದಾಗ ಅವಳಿಗೆ ಮೊದಲು ಕಂಡದ್ದು ಸಮುದ್ರವಲ್ಲ, ಗುಡ್ಡ. ಊರಿನ ಬೆನ್ನಿಗೇ ಬೋಳು ಕಲ್ಲಿನ ಗುಡ್ಡಗಳು ನೆಟ್ಟಗೆ ನಿಂತಿದ್ದವು. ಹಂಪಿಯ ಕಡೆಯ ಗುಡ್ಡಗಳಂತೆ ಉರುಳಿ ಬಿದ್ದ ಬಂಡೆಗಳಲ್ಲ, ಕೊಡಲಿಯಿಂದ ಸೀಳಿದಂಥವು. ಅವುಗಳ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂಬೆಯ ತೋಟ. ಕೆಳಗೆ ಹಳದಿ, ಕೆಂಪು ಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ಏರಿ ಕುಳಿತಿದ್ದವು. ಅವುಗಳ ಕಾಲಬುಡದಲ್ಲಿ ನೀಲಿ ಕದಡಿದಂತೆ ನೀರು, ಕಣ್ಣು ಹೋದಷ್ಟು ದೂರ.

ಅದು ರೋಗಿಗಳ ಊರು. ದಂಡೆಯ ಉದ್ದಕ್ಕೂ ಬಿಳಿಯ ದೊಡ್ಡ ಹೋಟೆಲುಗಳು. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ಏರಿದ ಮೇಲೆ ಅವುಗಳಿಂದ ಗಾಲಿಕುರ್ಚಿಗಳು ಹೊರಗೆ ಬರುತ್ತಿದ್ದವು. ಕಂಬಳಿ ಹೊದ್ದವರು, ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಯರೂ ಅವರಲ್ಲಿದ್ದರು. ಸೂರ್ಯ ಗುಡ್ಡದ ಹಿಂದೆ ಸರಿದ ಕೂಡಲೇ ಇಡೀ ದಂಡೆ ಬರಿದಾಗುತ್ತಿತ್ತು. ಸಂಜೆಯ ಗಾಳಿ ಅವರಿಗೆ ವಿಷ. ಆಮೇಲೆ ಕಿಟಕಿಗಳ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಪಕ್ಕದ ಕೋಣೆಯ ಕೆಮ್ಮು ಒಂದು ದಿನ ನಿಂತರೆ ಮರುದಿನ ಹೋಟೆಲಿನವರು ಆ ಕೋಣೆಯ ಹಾಸಿಗೆ ಸುಡುತ್ತಿದ್ದರು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಮಧ್ಯಾಹ್ನ ದೊರೆಸಾನಿ ಮಲಗಿದಾಗ ಹಂಪಕ್ಕ ಈಡಿತ್‌ಳನ್ನು ಕರೆದುಕೊಂಡು ದಂಡೆಗುಂಟ ಮೂಡಲ ಕಡೆ ನಡೆಯುತ್ತಿದ್ದಳು. ಊರು ಮುಗಿಯುವಲ್ಲಿ ಒಂದು ಆಳವಾದ ಕೊರಕಲು, ಅದರ ಮೇಲೆ ಕಲ್ಲಿನ ಸೇತುವೆ. ಸೇತುವೆಯ ಈ ತುದಿಗೆ ಫ್ರೆಂಚ್ ಸಿಪಾಯಿ, ಆ ತುದಿಗೆ ಇಟಲಿಯ ಸಿಪಾಯಿ. ಗಡಿ ಎಂಬುದು ಹಂಪಕ್ಕನಿಗೆ ಹೊಸದಾಗಿರಲಿಲ್ಲ. ಅವಳ ಕಡೆಯೂ ಕಂಪ್ಲಿಯ ಹೊಳೆ ದಾಟಿದರೆ ನಿಜಾಮನ ಸೀಮೆ, ಬೆಟ್ಟ ಇಳಿದು ಹೊಸಪೇಟೆಗೆ ಬಂದರೆ ಇಂಗ್ಲೀಷರ ಸೀಮೆ. ಎರಡೂ ಕಡೆ ಜೋಳ ಒಂದೇ, ಬೈಗುಳ ಒಂದೇ.

ಆ ಸೇತುವೆ ದಾಟಿ ದಿನವೂ ಇಟಲಿಯ ಹೆಂಗಸರು ಕೂಲಿಗೆ ಬರುತ್ತಿದ್ದರು. ನಿಂಬೆಯ ಹಣ್ಣಿನ ದೊಡ್ಡ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ಗುಡ್ಡ ಇಳಿಯುತ್ತಿದ್ದರು. ಬಿಳಿಯರ ದೇಶದಲ್ಲಿ ಬಿಳಿ ಹೆಂಗಸರು ತಲೆಹೊರೆ ಹೊರುವುದನ್ನು ಕಂಡು ಹಂಪಕ್ಕನಿಗೆ ಬೆರಗಾಯಿತು. ಅವರಲ್ಲಿ ಅಸ್ಸುಂತಾ ಎಂಬ ಒಬ್ಬಳು ಹಂಪಕ್ಕ ನೋಡುವುದನ್ನು ಕಂಡು ನಿಂತಳು. ನೀನು ಹೊರುತ್ತೀಯಾ ಎಂದು ಕೈಸನ್ನೆಯಿಂದ ಕೆಣಕಿದಳು. ಹಂಪಕ್ಕ ಸೆರಗನ್ನು ಸಿಂಬಿ ಸುತ್ತಿ ಬುಟ್ಟಿ ಹೊತ್ತು ಒಂದು ಹಣ್ಣೂ ಬೀಳದಂತೆ ರಸ್ತೆಯ ತನಕ ಇಳಿದಳು. ಕೂಲಿ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಂದಿನಿಂದ ಅಸ್ಸುಂತಾ ಅವಳಿಗೆ ಸಂತಮ್ಮನಾದಳು. ಸಂತಮ್ಮನೂ ವಿಧವೆ. ಅವಳಿಗೆ ಒಬ್ಬನೇ ಮಗ. ಹಂಪಕ್ಕ ತನ್ನ ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು, ಆ ಕೈಯನ್ನು ಎದೆಗೊತ್ತಿಕೊಂಡು, ಆಮೇಲೆ ಸಮುದ್ರದ ಕಡೆ ತೋರಿಸಿದಳು. ಸಂತಮ್ಮನಿಗೆ ಅರ್ಥವಾಯಿತು. ಒಂದು ನಿಂಬೆಹಣ್ಣು ಆರಿಸಿ ಅವಳ ಮಡಿಲಿಗೆ ಹಾಕಿದಳು.

ಯುಗಾದಿ ಬಂತು. ದೊರೆಸಾನಿಯ ಕೆನ್ನೆಗೆ ಬಣ್ಣ ಬಂದಿತ್ತು. ಡಾಕ್ಟರು, "ಇನ್ನೊಂದು ಚಳಿಗಾಲ ಇದ್ದರೆ ಪೂರ್ತಿ ವಾಸಿ" ಎಂದ. ಹಂಪಕ್ಕ ಆ ದಿನ ಊಟ ಮಾಡಲಿಲ್ಲ. ಆದರೆ ಈಡಿತ್ ಬಂದು ತೊಡೆಯ ಮೇಲೆ ಕುಳಿತು, "ನಂಗೂ ಉಣ್ಣಾಕ ಬ್ಯಾಡ" ಎಂದಾಗ ಎದ್ದು ಕಲಸಿ ಕೊಟ್ಟಳು. ಬೇಸಿಗೆಯನ್ನು ಮೇಲಿನ ಗುಡ್ಡದೂರಿನಲ್ಲಿ ಕಳೆದು ಮತ್ತೆ ದಂಡೆಗಿಳಿದರು. ಆ ಎರಡನೆಯ ಚಳಿಗಾಲದಲ್ಲಿ ದೊರೆಸಾನಿ ಕರಗುತ್ತ ಹೋದಳು. ಹದಿನಾಲ್ಕನೆಯ ಇಸವಿಯ ವಸಂತದಲ್ಲಿ, ನಿಂಬೆಯ ಹೂವಿನ ವಾಸನೆಗೆ ಇಡೀ ಊರೇ ಮತ್ತೇರಿದಂತಿದ್ದಾಗ, ಅವಳು ಹಂಪಕ್ಕನ ತೋಳಿನ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ಊರಿನ ನೆತ್ತಿಯ ಮೇಲೆ, ಸಮುದ್ರಕ್ಕೆ ಮುಖ ಮಾಡಿದ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿದರು. ಅಲ್ಲಿನ ಕಲ್ಲುಗಳ ತುಂಬ ದೂರ ದೂರದ ದೇಶದವರ ಹೆಸರುಗಳೇ.

ದೊರೆ ಬಂದು ಮುಟ್ಟಿದಾಗ ಮೂರು ವಾರ ಕಳೆದಿತ್ತು. ಅವನು ಈಡಿತ್‌ಳನ್ನು ಇಂಗ್ಲೆಂಡಿನ ತನ್ನ ತಾಯಿಯ ಮನೆಗೆ ಒಯ್ಯಲು ನಿರ್ಧರಿಸಿದ್ದ. ಹಂಪಕ್ಕನಿಗೆ ಆಗಸ್ಟಿನ ಹಡಗಿಗೆ ಟಿಕೆಟು ಮಾಡಿಸಿ, ಅದೇ ಹೋಟೆಲಿನಲ್ಲಿದ್ದ ಒಬ್ಬ ಇಂಗ್ಲೀಷ್ ಮುದುಕಿಗೆ ಅವಳನ್ನು ಹಡಗು ಹತ್ತಿಸುವ ಜವಾಬ್ದಾರಿ ಒಪ್ಪಿಸಿದ. ಸ್ಟೇಷನ್ನಿನಲ್ಲಿ ಈಡಿತ್ ಅವಳ ಸೀರೆ ಹಿಡಿದುಕೊಂಡು ಬಿಡಲಿಲ್ಲ.

"ಹಂಪಕ್ಕಾ, ನೀನೂ ಹತ್ತು. ಜಲ್ದಿ ಹತ್ತು!"

"ನೀ ಹೋಗಿರು ನನ್ನವ್ವ. ನಾ ಹಿಂದಿನ ಗಾಡಿಗೆ ಬರ್ತೀನಿ," ಎಂದಳು ಹಂಪಕ್ಕ. ದೊರೆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಗಾಡಿ ಸುರಂಗದೊಳಗೆ ಹೋದ ಮೇಲೂ ಹಂಪಕ್ಕ ನಿಂತೇ ಇದ್ದಳು. ಒಬ್ಬಳನ್ನು ಮಲಗಿಸಿ ಬಂದೆ, ಇನ್ನೊಬ್ಬಳಿಗೆ ಸುಳ್ಳು ಹೇಳಿ ಕಳಿಸಿದೆ ಎಂದುಕೊಂಡಳು.

ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಹಡಗುಗಳನ್ನೆಲ್ಲ ಸರ್ಕಾರ ಸೈನ್ಯಕ್ಕೆ ಹಿಡಿದುಕೊಂಡಿತು. ಜವಾಬ್ದಾರಿ ಹೊತ್ತ ಮುದುಕಿ ಸಿಕ್ಕ ಗಾಡಿ ಹತ್ತಿ ತನ್ನ ದೇಶಕ್ಕೆ ಓಡಿದಳು. ಗಾಲಿಕುರ್ಚಿಗಳು ಮಾಯವಾದವು. ಹೋಟೆಲುಗಳು ಗಾಯಾಳುಗಳ ಆಸ್ಪತ್ರೆಗಳಾದವು. ಭಾಷೆ ಬಾರದ, ಕೈಯಲ್ಲಿ ಹಳೆಯ ಟಿಕೆಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಆ ಕಪ್ಪು ಹೆಂಗಸನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸಂತಮ್ಮ ಬಂದು ಅವಳ ರಟ್ಟೆ ಹಿಡಿದು ಹೋಟೆಲಿನ ನೆಲಮಾಳಿಗೆಗೆ ಕರೆದೊಯ್ದಳು. ಅಲ್ಲಿ ಬಟ್ಟೆ ಒಗೆಯುವ ಕೆಲಸವಿತ್ತು.

ಐದು ವರ್ಷ ಹಂಪಕ್ಕ ಅಲ್ಲಿ ರಕ್ತದ ಬಟ್ಟೆ ಒಗೆದಳು. ಇಂಗ್ಲೀಷರ ಚರ್ಚಿನ ಪಾದ್ರಿ ಅವಳ ಪರವಾಗಿ ಬಳ್ಳಾರಿಯ ದೊರೆಯ ವಿಳಾಸಕ್ಕೆ ಎರಡು ಸಲ ಕಾಗದ ಬರೆದ. ದೊರೆ ಯುದ್ಧಕ್ಕೆ ಹೋಗಿದ್ದನೋ ಏನೋ, ಉತ್ತರ ಬರಲಿಲ್ಲ. ಆಮೇಲೆ ಆ ಪಾದ್ರಿಯೂ ಊರು ಬಿಟ್ಟ. ಮಗಳಿಗೆ ಈಗ ಹಲ್ಲು ಬಿದ್ದಿರಬೇಕು, ಈಗ ಕೊಡ ಹೊರುತ್ತಿರಬೇಕು ಎಂದು ಲೆಕ್ಕ ಹಾಕುತ್ತ ಅವಳು ದಿನ ದೂಡಿದಳು. ಹದಿನೇಳನೆಯ ಇಸವಿಯಲ್ಲಿ ಸಂತಮ್ಮನ ಮಗ ದೂರದ ಗುಡ್ಡಗಳ ಮೇಲಿನ ಯುದ್ಧದಲ್ಲಿ ಸತ್ತ ಸುದ್ದಿ ಬಂತು. ಸಂತಮ್ಮ ಅಳಲಿಲ್ಲ. ಒಗೆಯುವ ಕಲ್ಲಿನ ಮುಂದೆ ಕುಳಿತು ಒಂದೇ ಬಟ್ಟೆಯನ್ನು ಸಂಜೆಯ ತನಕ ಉಜ್ಜಿದಳು. ಹಂಪಕ್ಕ ಅವಳ ಜೊತೆ ಸೇತುವೆ ದಾಟಿ ಅವಳ ಮನೆಯವರೆಗೂ ಹೋದಳು. ಸಿಪಾಯಿಗಳು ಅಂದು ಅವಳ ಕಾಗದ ಕೇಳಲಿಲ್ಲ.

ಯುದ್ಧ ಮುಗಿದ ಮರುವರ್ಷ ಅವಳಿಗೆ ಹಡಗಿನಲ್ಲಿ ಜಾಗ ಸಿಕ್ಕಿತು. "ಇಲ್ಲೇ ಇರು" ಎಂದಳು ಸಂತಮ್ಮ. ಅಷ್ಟು ಹೊತ್ತಿಗೆ ಹಂಪಕ್ಕನಿಗೆ ಅವಳ ಮಾತು ಬರುತ್ತಿತ್ತು. "ನನ್ನ ಮಗಳು ಅದಾಳ," ಎಂದಳು ಹಂಪಕ್ಕ ಕನ್ನಡದಲ್ಲೇ.

ಮುಂಬಯಿ, ಪುಣೆ, ಹುಬ್ಬಳ್ಳಿ, ಗದಗು ದಾಟಿ ಅವಳು ಹೊಸಪೇಟೆಯಲ್ಲಿ ಇಳಿದಳು. ಅಲ್ಲಿಂದ ಸಂಡೂರಿನ ಕಡೆಗೆ ಹೋಗುವ ಬಂಡಿ ಹುಡುಕುತ್ತಿದ್ದಾಗ, ಗೂಡ್ಸು ಗಾಡಿಗೆ ಅದಿರು ತುಂಬುತ್ತಿದ್ದ ಆಳುಗಳಲ್ಲಿ ಒಬ್ಬ ಅವಳನ್ನೇ ನೋಡುತ್ತ ನಿಂತ. ಅವನ ತಲೆಯ ಮೇಲಿನ ಬುಟ್ಟಿ ಕೆಳಗೆ ಬಿತ್ತು. ಅವನು ಪಾಲಪ್ಪ.

"ಅಕ್ಕಾ... ನೀವು ಮನಿಷೇರೋ, ದೆವ್ವೋ?"

"ಪಾಲಪ್ಪ, ನಾನು ಹಂಪಕ್ಕ. ಯಾಕ ಹಂಗ ನೋಡ್ತಿ? ಜಂಬಕ್ಕ ಹ್ಯಾಂಗದಾಳ?"

ಪಾಲಪ್ಪ ಕುಸಿದು ಕುಳಿತ. "ನೀವು ಸತ್ತೀರಿ ಅಂತ ದಿನಾ ಮಾಡಿದಿವಲ್ರಿ. ಐದು ವರ್ಷಾತು."

ನಡೆದದ್ದು ಇಷ್ಟು. ದೊರೆ ಇಂಗ್ಲೆಂಡಿನಿಂದ ಪಾಲಪ್ಪನಿಗೆ ಒಂದು ಕಾಗದ ಹಾಕಿದ್ದ. ಹೆಂಡತಿ ತೀರಿಕೊಂಡಳು, ಆಯಾ ಆಗಸ್ಟಿನ ಹಡಗಿಗೆ ಬರುತ್ತಾಳೆ ಎಂದು. ಊರಿನಲ್ಲಿ ಇಂಗ್ಲೀಷು ಅರ್ಧಂಬರ್ಧ ಬಲ್ಲ ಒಬ್ಬನ ಹತ್ತಿರ ಓದಿಸಿದರು. ಸತ್ತವಳು ಆಯಾ, ಆಗಸ್ಟಿನ ಹಡಗು ಎಂದೂ ಏನೋ ಇದೆ ಎಂದು ಅವನು ಓದಿದ. ತಾಯಕ್ಕ ನಂಬಲಿಲ್ಲ, ಆಗಸ್ಟು ನೋಡೋಣ ಎಂದಳು. ಆಗಸ್ಟು ಹೋಯಿತು, ದೀಪಾವಳಿಯೂ ಹೋಯಿತು. ಆಮೇಲೆ ನಂಬಿದರು. ಮರುವರ್ಷ ಅದಿರಿನ ಕೆಲಸ ಹುಡುಕಿಕೊಂಡು ಹೊಸಪೇಟೆಗೆ ಬಂದರು. ಹೊಸ ಕೇರಿಯಲ್ಲಿ ಜಂಬಕ್ಕ ಅವರ ಹಿರಿಮಗಳೆಂದೇ ಬೆಳೆದಳು. ಅವಳಿಗೂ ಬೇರೇನೂ ನೆನಪಿರಲಿಲ್ಲ.

"ಇನ್ನೊಂದು ಮಾತೈತ್ರಿ," ಎಂದ ಪಾಲಪ್ಪ, ಕೇರಿ ಹತ್ತಿರವಾದಾಗ. "ಹೋದ ವರ್ಷ ಜ್ವರ ಬಂತಲ್ರಿ, ಊರಿಗೆ ಊರೇ ಹಾಸಿಗಿ ಹಿಡಿತು. ನಮ್ಮ ಗಂಡು ಹುಡುಗರು ಇಬ್ರೂ ಹೋದ್ರು. ನಾಕು ದಿನದಾಗ ಇಬ್ರೂ. ಆವಾಗಿಂದ ಆಕಿ ಜಂಬಕ್ಕನ್ನ ಕಣ್ಣಿಂದ ಆಚಿಗೆ ಬಿಡಂಗಿಲ್ಲ. ನೀರಿಗೆ ಕಳಸಂಗಿಲ್ಲ. ಆದ್ರ ಮಗಳು ನಿಮ್ಮಾಕಿ. ನೀವು ಕರಕೊಂಡು ಹೋದ್ರ ನಾ ಬ್ಯಾಡ ಅನ್ನಂಗಿಲ್ರಿ."

ಹಂಪಕ್ಕ ಬಾಗಿಲಿಗೆ ಬಂದಾಗ ತಾಯಕ್ಕ ಜಂಬಕ್ಕನ ತಲೆ ಬಾಚುತ್ತಿದ್ದಳು. ತಾಯಕ್ಕನಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡು ಅವಳು ಕಿರುಚಲಿಲ್ಲ, ಎದ್ದೂ ಬರಲಿಲ್ಲ. ಕೈಯಲ್ಲಿದ್ದ ಜಡೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಎಂದರೆ ಹುಡುಗಿ "ಅವ್ವಾ, ನೋಯ್ತೈತಿ" ಎಂದು ಕೂಗಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿ ಕೇಳಿದಳು, "ಅವ್ವಾ, ಇವರು ಯಾರು?"

ಹತ್ತು ವರ್ಷದ ಹುಡುಗಿ. ಮೂಕಣ್ಣನ ಮೂಗು, ಮೂಕಣ್ಣನ ಹಣೆ. ಹಂಪಕ್ಕ ಏಳು ವರ್ಷ ಈ ಮುಖವನ್ನು ಮನಸ್ಸಿನಲ್ಲೇ ದೊಡ್ಡದು ಮಾಡುತ್ತ ಬಂದಿದ್ದಳು. ತಾಯಕ್ಕ ಜಡೆ ಬಿಟ್ಟಿರಲಿಲ್ಲ. ಪಾಲಪ್ಪ ನೆಲ ನೋಡುತ್ತ ನಿಂತಿದ್ದ. ಹಂಪಕ್ಕ ಹೊಸಿಲಿನ ಮೇಲೆ ಕುಳಿತಳು.

"ನಾನು ನಿಮ್ಮ ದೊಡ್ಡವ್ವ," ಎಂದಳು. "ನಿಮ್ಮವ್ವನ ಅಕ್ಕ. ಭಾಳ ದೂರದ ಊರಿಗೆ ದುಡಿಯಾಕ ಹೋಗಿದ್ದೆ."

ತಾಯಕ್ಕ ಆಗ ಅತ್ತಳು. ಸತ್ತವರಿಗೂ ಬದುಕಿ ಬಂದವಳಿಗೂ ಸೇರಿಸಿ ಅತ್ತಳು. ಮರುದಿನ ಅಕ್ಕನ ಕಾಲು ಹಿಡಿದು, "ನಾ ತಪ್ಪು ಮಾಡಾಕ ಹತ್ತೀನಿ. ನಿನ್ನ ಮಗಳನ್ನ ನೀ ತಗೋ" ಎಂದಳು. ಹೇಳುವಾಗಲೂ ಅವಳ ಕಣ್ಣು ಅಂಗಳದಲ್ಲಿ ಆಡುತ್ತಿದ್ದ ಜಂಬಕ್ಕನ ಮೇಲೇ ಇತ್ತು. ಹಂಪಕ್ಕ, "ನನಗ ನೋಡಾಕ ಸಿಕ್ಕರ ಸಾಕು" ಎಂದಳು. ಸಾಕಾಗಲಿಲ್ಲ. ಆದರೆ ಅಂದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ಕೇರಿಯಲ್ಲಿ ಒಂದು ಕೋಣೆ ಹಿಡಿದು ಹಂಪಕ್ಕ ಮುಸಾಫಿರ್ ಬಂಗಲೆಯ ಬಟ್ಟೆ ಒಗೆಯುತ್ತ ಉಳಿದಳು. ಜಂಬಕ್ಕನಿಗೆ ಹದಿನೈದಾದಾಗ ಕಂಪ್ಲಿಯ ಹೊನ್ನೂರಸ್ವಾಮಿಗೆ ಕೊಟ್ಟು ಮದುವೆ ಮಾಡಿದರು. ಹೊಳೆಯಲ್ಲಿ ಹರಿಗೋಲು ಹಾಕುವ ಹುಡುಗ, ನಗುಮುಖದವನು. ಪಾಲಪ್ಪ, ತಾಯಕ್ಕ ಧಾರೆ ಎರೆದರು. ವಿಧವೆಯಾದ ದೊಡ್ಡವ್ವ ಹಿಂದೆ ಅಡುಗೆಯ ಒಲೆಯ ಹತ್ತಿರ ಇದ್ದಳು. ಹೊರಡುವಾಗ ಜಂಬಕ್ಕ ಅವ್ವನ ಕುತ್ತಿಗೆಗೆ ಬಿದ್ದು ಅತ್ತಳು. ದೊಡ್ಡವ್ವನ ಕಾಲು ಮುಟ್ಟಿ ಬಂಡಿ ಹತ್ತಿದಳು.

ಮೂವತ್ತೊಂದರಲ್ಲಿ ತಾಯಕ್ಕ ಕಾಯಿಲೆ ಬಿದ್ದಳು. ಸಾಯುವ ಹಿಂದಿನ ದಿನ ಜಂಬಕ್ಕನನ್ನು ಹತ್ತಿರ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದಳು. ಮಣ್ಣು ಮಾಡಿದ ಮೂರನೆಯ ದಿನ ಜಂಬಕ್ಕ ಹಂಪಕ್ಕನ ಕೋಣೆಗೆ ಬಂದು ಗೋಡೆಗೆ ಒರಗಿ ನಿಂತಳು.

"ಎಷ್ಟು ದಿನಕ್ಕಂತ ಹೋಗಿದ್ದಿ?"

"ಒಂದು ಚಳಿಗಾಲ."

"ನೀ ಹೋಗೋವಾಗ ನಾ ಅತ್ತೆನೇನು?"

"ನೀ ಮಲಗಿದ್ದಿ."

"ಎಬ್ಬಿಸಿದ್ರ ಅಳ್ತಿದ್ದೆ. ಅತ್ತಿದ್ರ ನೀ ಹೋಗ್ತಿರಲಿಲ್ಲ." ಜಂಬಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಆ ಬಿಳೇ ಕೂಸು ಈಗ ಎಲ್ಲಿ ಐತಿ?"

"ಗೊತ್ತಿಲ್ಲವ್ವ. ಆಕಿಗೂ ಈಗ ಮಕ್ಕಳು ಇರಬೇಕು."

"ಇಬ್ಬರನ್ನೂ ಕಳಕೊಂಡಿ ನೋಡು," ಎಂದಳು ಜಂಬಕ್ಕ. "ಬಂದ ಮ್ಯಾಲರ ಹೇಳಬಾರದಿತ್ತಾ? ಇಷ್ಟು ವರ್ಷ ನನ್ನ ಕಣ್ಣ ಮುಂದೇ ಬಟ್ಟಿ ಒಗೀತಿದ್ದಿ."

ತಾಯಕ್ಕನ ಬಿಳಿಗೂದಲು, ಜಡೆ ಹಿಡಿದ ಕೈ, ಇವನ್ನೆಲ್ಲ ಹಂಪಕ್ಕ ಹೇಳಬಹುದಿತ್ತು. ಮಣ್ಣಿನ ಹಸಿ ಇನ್ನೂ ಆರದ ತಂಗಿಯ ಮೇಲೆ ಯಾವ ಭಾರವನ್ನೂ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. "ನಂದ ತಪ್ಪು" ಎಂದಷ್ಟೇ ಅಂದಳು. ಜಂಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು. ಎರಡು ವರ್ಷ ಹೊಸಪೇಟೆಯ ಕಡೆ ತಲೆ ಹಾಕಲಿಲ್ಲ.

ಆಮೇಲೆ ಒಂದು ದಿನ ಅವಳೇ ಬಂದಳು. ಪಾಲಪ್ಪ ಆಗಷ್ಟೇ ತೀರಿಕೊಂಡಿದ್ದ. ಸಾಬೂನು, ಸುಣ್ಣದ ನೀರಿನಲ್ಲಿ ಕೆಲಸ ಮಾಡಿ ಮಾಡಿ ಹಂಪಕ್ಕನ ಬೆರಳುಗಳು ಮಡಚಲು ಬಾರದಂತಾಗಿದ್ದವು. ಜಂಬಕ್ಕ ಪಾತ್ರೆ ಪಡಗ ಗಂಟು ಕಟ್ಟಿ, "ನಡಿ ದೊಡ್ಡವ್ವ, ಬಂಡಿ ನಿಂತೈತಿ" ಎಂದಳು. ಅವ್ವ ಎಂದು ಕರೆಯಲು ಅವಳು ಪ್ರಯತ್ನಪಟ್ಟಳೆಂದು ಹೊನ್ನೂರಸ್ವಾಮಿ ಆಮೇಲೆ ಒಮ್ಮೆ ಹಂಪಕ್ಕನಿಗೆ ಹೇಳಿದ. ಆ ಶಬ್ದ ತಾಯಕ್ಕನ ಜೊತೆಗೇ ಹೋಗಿಬಿಟ್ಟಿತ್ತು. ಕಂಪ್ಲಿಯಲ್ಲಿ ಮಗಳು ಅವಳಿಗೆ ಬಿಸಿ ರೊಟ್ಟಿ ಬಡಿದು ಚೂರು ಮಾಡಿ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು, ಎಣ್ಣೆ ಹಚ್ಚಿ ಬೆರಳು ತಿಕ್ಕುತ್ತಿದ್ದಳು. ದೊಡ್ಡವ್ವ ಎಂದೇ ಕರೆಯುತ್ತಿದ್ದಳು. ಹಂಪಕ್ಕ ಬೇರೇನೂ ಕೇಳಲಿಲ್ಲ.

ನಲವತ್ತನೆಯ ಇಸವಿಯ ಮುಂಗಾರಿನಲ್ಲಿ ಹೊನ್ನೂರಸ್ವಾಮಿ ಪೇಟೆಯಲ್ಲಿ ಪತ್ರಿಕೆ ಓದಿಸಿಕೊಂಡು ಬಂದ. "ಅತ್ತಿ, ಇಟಲಿಯವ್ರು ಫ್ರೆಂಚರ ಮ್ಯಾಲೆ ಏರಿ ಹೋಗ್ಯಾರಂತ. ಗಡಿಯಾಗ ಒಂದು ಸಮುದ್ರದೂರು, ಮೆಂತೋನೋ ಏನೋ. ಜನಾನೆಲ್ಲ ಮೊದ್ಲಾ ಖಾಲಿ ಮಾಡಿಸಿ, ಆಮ್ಯಾಲೆ ಗುಂಡು ಹಾರಿಸ್ಯಾರಂತ."

ಹಂಪಕ್ಕ ಎದ್ದು ಕುಳಿತಳು. "ಸೇತುವಿ ಏನಾತಂತ?"

"ಯಾವ ಸೇತುವಿ?"

"ಸಂತಮ್ಮ ಸೇತುವಿ ಆಚಿಗೆ ಅದಾಳ. ಕೂಲಿ ಈಚಿಗೆ. ಯಾವ ಕಡಿಗೆ ಉಳಿದಾಳೋ!"

ಸಂತಮ್ಮನ ಹೆಸರನ್ನು ಜಂಬಕ್ಕ ಅದೇ ಮೊದಲು ಕೇಳಿದ್ದು. ಅಂದು ಒಲೆ ಆರುವ ತನಕ ಹಂಪಕ್ಕ ಆ ಊರಿನದನ್ನೆಲ್ಲ ಹೇಳಿದಳು. ತಲೆಹೊರೆಯ ನಿಂಬೆ, ಸುಡುವ ಹಾಸಿಗೆಗಳು, ಒಂದೇ ಬಟ್ಟೆ ಉಜ್ಜಿದ ಸಂಜೆ. ಜಂಬಕ್ಕ ನಡುನಡುವೆ ಪ್ರಶ್ನೆ ಕೇಳಿದಳು. ತನ್ನನ್ನು ಬಿಟ್ಟು ಹೋದ ಊರಿನ ಬಗ್ಗೆ ಅವಳು ಸಿಟ್ಟಿಲ್ಲದೆ ಕೇಳಿದ್ದು ಅದೊಂದೇ ಸಲ.

ಮರುವರ್ಷದ ಚಳಿಗಾಲದಲ್ಲಿ ಹಂಪಕ್ಕನಿಗೆ ಜ್ವರ ಬಂದು ಇಳಿಯಲಿಲ್ಲ. ಐದನೆಯ ದಿನಕ್ಕೆ ಅವಳ ಬಾಯಿಂದ ಕನ್ನಡ ಹೋಯಿತು. ಆ ಸಮುದ್ರದೂರಿನ ಭಾಷೆಯೇ ಬರತೊಡಗಿತು. ಏನನ್ನೋ ಕೇಳುತ್ತಿದ್ದಳು, ಮತ್ತೆ ಮತ್ತೆ ಅದನ್ನೇ. ಜಂಬಕ್ಕ ನೀರು ಕುಡಿಸಿ ನೋಡಿದಳು. ಹೊದಿಕೆ ಸರಿಸಿ ನೋಡಿದಳು. ಮಕ್ಕಳನ್ನು ಹತ್ತಿರ ತಂದು ನಿಲ್ಲಿಸಿದಳು. ಅದಾವುದೂ ಅಲ್ಲವೆಂಬಂತೆ ಹಂಪಕ್ಕ ತಲೆಯಾಡಿಸುತ್ತಿದ್ದಳು. ಇಂಗ್ಲೀಷು ಬಲ್ಲ ಮಾಸ್ತರು ಅಂದಾನಪ್ಪನವರನ್ನು ಕರೆಸಿದರು. ಅವರು ಹಾಸಿಗೆಯ ಪಕ್ಕ ಬಹಳ ಹೊತ್ತು ಕುಳಿತು ಕಿವಿಗೊಟ್ಟು ಕೇಳಿ, "ಇದು ಇಂಗ್ಲೀಷಲ್ಲ ತಾಯಿ, ನನಗ ತಿಳಿಯಂಗಿಲ್ಲ" ಎಂದು ಕೈಮುಗಿದು ಎದ್ದರು.

ಜಂಬಕ್ಕ ಅವಳ ಕೈ ಹಿಡಿದುಕೊಂಡು, ಕೇಳಿದ್ದಕ್ಕೆಲ್ಲ "ಹ್ಞೂಂ, ಹ್ಞೂಂ" ಎನ್ನುತ್ತ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಹಂಪಕ್ಕ ಸತ್ತಳು. ಏನು ಕೇಳಿದಳು, ತಾನು ಯಾವುದಕ್ಕೆ ಹ್ಞೂಂ ಎಂದೆ ಎಂಬುದು ಜಂಬಕ್ಕನಿಗೆ ಕೊನೆಯ ತನಕ ತಿಳಿಯಲಿಲ್ಲ. ಆ ಸಂಕಟವನ್ನು ಅವಳು ತನ್ನ ಹೆಣ್ಣುಮಕ್ಕಳ ಮುಂದೆ ಎಷ್ಟೋ ವರ್ಷ ಹೇಳಿಕೊಂಡು ಅತ್ತಳು.